ಶೇಕಡಾವಾರು ಹೇಳದೆ ಉಳಿಸಿದ್ದು

ಮೇ ತಿಂಗಳ ಸುಮಾರಿಗೆ ನಮ್ಮ ದಿನಪತ್ರಿಕೆಗಳಲ್ಲಿ ಒಂದು ಬಗೆಯ ಬರಹ ತಪ್ಪದೆ ಕಾಣಿಸಿಕೊಳ್ಳುತ್ತದೆ. ಅದು ಎಸ್ಸೆಸ್ಸೆಲ್ಸಿ ಫಲಿತಾಂಶದ ವರದಿ. ಅದರ ಚೌಕಟ್ಟು ಓದುಗರಿಗೆಲ್ಲ ಬಾಯಿಪಾಠವಾಗಿದೆ. ಮೊದಲಿಗೆ ರಾಜ್ಯದ ಶೇಕಡಾವಾರು, ಅದರ ಕೆಳಗೆ ಹೆಣ್ಣುಮಕ್ಕಳದ್ದೇ ಮೇಲುಗೈ ಎಂಬ ಉಪಶೀರ್ಷಿಕೆ, ಬಳಿಕ ಜಿಲ್ಲೆಗಳ ಪಟ್ಟಿ. ಪಟ್ಟಿಯ ಮೇಲಿನ ತುದಿಯಲ್ಲಿರುವವರಿಗೆ ಶಹಬ್ಬಾಸ್‌ಗಿರಿ, ಕೆಳಗಿನ ತುದಿಯಲ್ಲಿರುವವರಿಗೆ ಛೀಮಾರಿ. ಒಳಪುಟದಲ್ಲಿ ಮಗುವಿನ ಬಾಯಿಗೆ ಸಿಹಿ ಇಡುತ್ತಿರುವ ತಂದೆತಾಯಿಯರ ಚಿತ್ರ, ಪಕ್ಕದಲ್ಲೇ ನೂರಕ್ಕೆ ನೂರು ಫಲಿತಾಂಶ ಪಡೆದ ಖಾಸಗಿ ಶಾಲೆಗಳ ಜಾಹೀರಾತು. ಎರಡು ದಿನ ಕಳೆದರೆ ಶೂನ್ಯ ಫಲಿತಾಂಶದ ಶಾಲೆಗಳಿಗೆ ನೋಟಿಸ್ ಹೋದ ಸುದ್ದಿ. ಅಲ್ಲಿಗೆ ಆ ವರ್ಷದ ಮಟ್ಟಿಗೆ ಪ್ರೌಢಶಾಲೆಯ ಕಥೆ ಮುಗಿಯುತ್ತದೆ.

ಕಥೆ ಬರೆಯುವ ಅಭ್ಯಾಸವಿರುವ ನಮಗೆ ಈ ವರದಿಯನ್ನೂ ಒಂದು ಕೃತಿಯಂತೆ ಓದಿ ನೋಡಬೇಕೆನಿಸಿದೆ. ಏಕೆಂದರೆ ಪ್ರೌಢಶಾಲೆಯ ಬಗ್ಗೆ ಸಾರ್ವಜನಿಕರ ಕೈಗೆ ವರ್ಷಕ್ಕೊಮ್ಮೆ ಸಿಗುವ ವರದಿ ಬಹುಮಟ್ಟಿಗೆ ಇದೊಂದೇ. ಇದನ್ನು ನೋಡಿಯೇ ತಂದೆತಾಯಿಯರು ಮಗುವನ್ನು ಎಲ್ಲಿ ಸೇರಿಸಬೇಕೆಂದು ತೀರ್ಮಾನಿಸುತ್ತಾರೆ. ಇದನ್ನು ಹಿಡಿದೇ ಜನಪ್ರತಿನಿಧಿಗಳು ಸಭೆಗಳಲ್ಲಿ ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಅಧಿಕಾರಿಗಳು ಮುಖ್ಯೋಪಾಧ್ಯಾಯರನ್ನು, ಮುಖ್ಯೋಪಾಧ್ಯಾಯರು ಶಿಕ್ಷಕರನ್ನು, ಶಿಕ್ಷಕರು ಕೊನೆಯ ಬೆಂಚಿನ ಹುಡುಗನನ್ನು ಗದರುತ್ತಾರೆ. ಇಷ್ಟು ದೂರದವರೆಗೆ ಪರಿಣಾಮ ಬೀರುವ ಬರಹ ಏನನ್ನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂದು ಕೇಳದಿದ್ದರೆ ಹೇಗೆ?

ಮೊದಲು ಅದರ ವ್ಯಾಕರಣವನ್ನೇ ಗಮನಿಸೋಣ. 'ಉಡುಪಿ ಪ್ರಥಮ', 'ಯಾದಗಿರಿ ಕೊನೆ' ಎಂಬ ಈ ವಾಕ್ಯಗಳಲ್ಲಿ ಪರೀಕ್ಷೆ ಬರೆದದ್ದು ಜಿಲ್ಲೆ! ಪಾಠ ಮಾಡಿದವರು, ಮಾಡಬೇಕಾಗಿದ್ದು ನೇಮಕವೇ ಆಗದವರು, ಕಟ್ಟಡ ಕಟ್ಟಿಸಬೇಕಾಗಿದ್ದವರು, ಅನುದಾನ ಬಿಡುಗಡೆ ಮಾಡಬೇಕಾಗಿದ್ದವರು, ಇವರು ಯಾರೂ ಈ ವಾಕ್ಯದ ಕರ್ತೃ ಸ್ಥಾನದಲ್ಲಿಲ್ಲ. ಜಿಲ್ಲೆ ತಾನಾಗಿಯೇ ಏರುತ್ತದೆ, ತಾನಾಗಿಯೇ ಬೀಳುತ್ತದೆ. ಹೊಣೆಗಾರರಿಲ್ಲದ ವಾಕ್ಯದಲ್ಲಿ ಹೊಣೆಗಾರಿಕೆಯನ್ನು ಹುಡುಕುವುದಾದರೂ ಎಲ್ಲಿ?

ಇನ್ನು ಅಂಕಿಗಳು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89. ಚಿತ್ರದುರ್ಗ ಶೇ. 96.80ರೊಂದಿಗೆ ಪಟ್ಟಿಯ ತಲೆಯಲ್ಲಿತ್ತು, ಯಾದಗಿರಿ ಶೇ. 75.49ರೊಂದಿಗೆ ಬುಡದಲ್ಲಿತ್ತು. 2024ರಲ್ಲಿ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಶೇ. 94 ಪಡೆದ ಉಡುಪಿ ಮೊದಲಾಯಿತು, ಚಿತ್ರದುರ್ಗ ಮೊದಲ ಮೂರರಲ್ಲೂ ಇರಲಿಲ್ಲ, ಯಾದಗಿರಿ ಶೇ. 50.59ಕ್ಕೆ ಕುಸಿಯಿತು. ಹನ್ನೆರಡು ತಿಂಗಳಲ್ಲಿ ಯಾದಗಿರಿಯ ಮಕ್ಕಳೂ ಶಿಕ್ಷಕರೂ ಅಷ್ಟೊಂದು ಹದಗೆಟ್ಟುಬಿಟ್ಟರೇ? ಹಾಗೇನೂ ಅಲ್ಲ. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ಕಣ್ಣಿಡುವ ಪದ್ಧತಿ ಬಂತು. ನಕಲಿಗೆ ಕಡಿವಾಣ ಬಿತ್ತು. ಆ ವರ್ಷ ಕೃಪಾಂಕದ ಮಿತಿಯನ್ನು ಶೇ. 10ರಿಂದ 20ಕ್ಕೆ ಏರಿಸದೇ ಇದ್ದಿದ್ದರೆ ಫಲಿತಾಂಶ ಇನ್ನೂ ಬಹಳ ಕೆಳಗಿಳಿಯುತ್ತಿತ್ತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕ ಇರಲಿಲ್ಲ. ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43. ಅದೇ ವರ್ಷದ ಅಕ್ಟೋಬರ್‌ನಲ್ಲಿ ಉತ್ತೀರ್ಣತೆಯ ಗೆರೆಯನ್ನೇ ಶೇ. 35ರಿಂದ 33ಕ್ಕೆ ಇಳಿಸುವ ನಿರ್ಧಾರ ಪ್ರಕಟವಾಯಿತು. ಇದಕ್ಕೂ ಹಿಂದೆ, ಕೊರೋನಾ ಕಾಲದ 2021ರಲ್ಲಿ, ಬಹು ಆಯ್ಕೆಯ ಎರಡೇ ಪತ್ರಿಕೆಗಳ ಪರೀಕ್ಷೆ ನಡೆಸಿ ಬರೆದವರನ್ನೆಲ್ಲ ಹೆಚ್ಚುಕಡಿಮೆ ಪಾಸು ಮಾಡಲಾಗಿತ್ತು.

ಅಂದರೆ, ಅಳೆಯುವ ಕೋಲು ವರ್ಷವರ್ಷವೂ ಉದ್ದ ಗಿಡ್ಡ ಆಗುತ್ತಿದೆ. ಅಳತೆಗೊಳಗಾದ ಮಕ್ಕಳ ಮೇಲೆ ಮಾತ್ರ 'ಕುಸಿತ', 'ಜಿಗಿತ' ಎಂಬ ಪದಗಳು ಬೀಳುತ್ತಿವೆ. ಪರೀಕ್ಷೆ ಹೇಗೆ ನಡೆಯಿತು ಎಂಬುದರ ಸುದ್ದಿಯನ್ನು ಶಾಲೆ ಹೇಗಿದೆ ಎಂಬುದರ ಸುದ್ದಿಯೆಂದು ನಾವು ಓದುತ್ತಿದ್ದೇವೆ.

ಶೇಕಡಾವಾರಿಗೆ ಇನ್ನೊಂದು ಗುಟ್ಟಿದೆ. ಅದು ಅದರ ಛೇದ. ಯಾರನ್ನು ಲೆಕ್ಕಕ್ಕೆ ತೆಗೆದುಕೊಂಡು ನೂರಕ್ಕೆ ಇಷ್ಟು ಎನ್ನುತ್ತೇವೆ? 2025ರಲ್ಲಿ ಎರಡು ಸಂಖ್ಯೆಗಳು ಹೊರಬಂದವು. ಶಾಲೆಯಿಂದ ಮೊದಲ ಸಲ ಬರೆದವರದ್ದು ಶೇ. 66.14, ಮರುಬಾರಿ ಮತ್ತು ಖಾಸಗಿಯಾಗಿ ಬರೆದವರನ್ನೂ ಸೇರಿಸಿದರೆ ಶೇ. 62.34. ಹಿಂದಿನ ವರ್ಷದ 73.40 ಎಲ್ಲರನ್ನೂ ಸೇರಿಸಿ ತೆಗೆದದ್ದು. ಆದ್ದರಿಂದ ಯಾವುದನ್ನು ಯಾವುದರ ಪಕ್ಕದಲ್ಲಿ ಇಡುತ್ತೇವೆ ಎಂಬುದರ ಮೇಲೆ ಇಳಿಕೆ ಏಳು ಅಂಶವೂ ಆಗುತ್ತದೆ, ಹನ್ನೊಂದು ಅಂಶವೂ ಆಗುತ್ತದೆ. ಇದಕ್ಕಿಂತ ಗಂಭೀರವಾದದ್ದೆಂದರೆ, ಪರೀಕ್ಷೆಗೆ ಹಾಜರಾಗದವರು ಈ ಲೆಕ್ಕದಲ್ಲೇ ಇಲ್ಲ. ಎಂಟನೆಯ ತರಗತಿಗೆ ಸೇರಿ ಒಂಬತ್ತರಲ್ಲಿ ಗ್ಯಾರೇಜಿಗೆ ಹೋದ ಹುಡುಗ, ಹತ್ತರ ನಡುವೆ ನಿಕಾಹ್ ಆಗಿ ಹೋದ ಹುಡುಗಿ ಶಾಲೆಯ ಫಲಿತಾಂಶವನ್ನು ಕಿಂಚಿತ್ತೂ ಕೆಡಿಸುವುದಿಲ್ಲ. 2022ರಲ್ಲಿ ಹಿಜಾಬ್ ಕುರಿತ ಹೈಕೋರ್ಟ್ ತೀರ್ಪು ಬಂದದ್ದು ಮಾರ್ಚ್ 15ರಂದು, ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದದ್ದು ಮಾರ್ಚ್ 28ರಂದು. ಪರೀಕ್ಷಾ ಕೊಠಡಿಯ ಬಾಗಿಲವರೆಗೂ ಬಾರದೆ ಉಳಿದವರು ಎಷ್ಟೇ ಇದ್ದಿರಲಿ, ಅವರಿಂದ ಆ ವರ್ಷದ ಶೇ. 85.63ರ ಸಂತಸಕ್ಕೆ ಯಾವ ಧಕ್ಕೆಯೂ ಆಗಲಿಲ್ಲ. ಮಕ್ಕಳನ್ನು ಕಳೆದುಕೊಂಡ ಶಾಲೆ ಕಾಗದದ ಮೇಲೆ ಇನ್ನಷ್ಟು ಹೊಳೆಯುವ ಸಾಧ್ಯತೆ ಇದೆಯೆಂದರೆ ಆ ಕಾಗದದಲ್ಲೇ ಏನೋ ದೋಷವಿದೆ. ಓದಿನಲ್ಲಿ ಹಿಂದಿರುವ ಮಗುವಿಗೆ 'ನೀನು ಟಿ.ಸಿ. ತೆಗೆದುಕೊಂಡು ಹೋಗು' ಎಂದು ಹೇಳುವ ಆಸೆ ಶಾಲೆಗೆ ಹುಟ್ಟುವುದು ಇಲ್ಲಿಂದಲೇ.

ಹಾಗಾದರೆ ಶಾಲೆಯ ಸ್ಥಿತಿಗತಿಯನ್ನು ಹೇಳುವ ಬರಹ ಇಲ್ಲವೇ? ಇದೆ, ಯಾರೂ ಓದುವುದಿಲ್ಲ ಅಷ್ಟೆ. ದೇಶದ ಪ್ರತಿಯೊಂದು ಶಾಲೆಗೂ ಯು-ಡೈಸ್ ಎಂಬ 11 ಅಂಕಿಗಳ ಸಂಕೇತ ಸಂಖ್ಯೆಯಿದೆ. ಮುಖ್ಯೋಪಾಧ್ಯಾಯರು ವರ್ಷಕ್ಕೊಮ್ಮೆ ಒಂದು ದೊಡ್ಡ ನಮೂನೆಯನ್ನು ತುಂಬುತ್ತಾರೆ. ತರಗತಿವಾರು ಮಕ್ಕಳೆಷ್ಟು, ಶಿಕ್ಷಕರೆಷ್ಟು, ಬೋಧನಾ ಮಾಧ್ಯಮ ಯಾವುದು, ಕೊಠಡಿಗಳಲ್ಲಿ ಸುಸ್ಥಿತಿಯಲ್ಲಿರುವುದೆಷ್ಟು, ದುರಸ್ತಿ ಬೇಕಿರುವುದೆಷ್ಟು, ಹುಡುಗಿಯರ ಶೌಚಾಲಯ ಬಳಕೆಗೆ ಯೋಗ್ಯವಾಗಿದೆಯೇ, ಕುಡಿಯುವ ನೀರು, ಗ್ರಂಥಾಲಯ, ಆಟದ ಮೈದಾನ, ಇಳಿಜಾರು ದಾರಿ ಇದೆಯೇ ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಇದರ ಆಧಾರದ ಮೇಲೆ ಶಾಲೆಯ ವರದಿ ಕಾರ್ಡು ಸಿದ್ಧವಾಗಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿರುತ್ತದೆ.

ಇದೂ ಒಂದು ಕೃತಿಯೇ, ಆದರೆ ಇದರ ದೋಷ ಬೇರೆ. ಫಲಿತಾಂಶದ ವರದಿಯಲ್ಲಿ ಬರೀ ತಲೆಬರಹ, ವಿವರವಿಲ್ಲ. ಈ ಕಾರ್ಡಿನಲ್ಲಿ ಬರೀ ವಿವರ, ತಲೆಬರಹವಿಲ್ಲ. 'ಇದೆ', 'ಇಲ್ಲ' ಎಂಬೆರಡು ಮಾತುಗಳಲ್ಲಿ ಇದು ಲೋಕವನ್ನೆಲ್ಲ ಮುಗಿಸಿಬಿಡುತ್ತದೆ. ಶೌಚಾಲಯ 'ಇದೆ', ಅದರ ಬೀಗದ ಕೈ ಯಾರ ಬಳಿ ಇದೆ, ನೀರು ಬರುತ್ತದೆಯೇ, ಹತ್ತನೆಯ ತರಗತಿಯ ಹುಡುಗಿ ತಿಂಗಳಲ್ಲಿ ಮೂರು ದಿನ ಮನೆಯಲ್ಲೇ ಏಕೆ ಉಳಿಯುತ್ತಾಳೆ ಎಂಬುದು ಅಲ್ಲಿಲ್ಲ. ಗ್ರಂಥಾಲಯ 'ಇದೆ'; ಅದು ಮುಖ್ಯೋಪಾಧ್ಯಾಯರ ಕೋಣೆಯಲ್ಲಿರುವ ಒಂದು ಕಬ್ಬಿಣದ ಬೀರು ಎಂಬುದು ಅಲ್ಲಿಲ್ಲ. ಶಿಕ್ಷಕರು ಆರು ಮಂದಿ. ಅವರಲ್ಲಿ ಗಣಿತದವರು ವರ್ಷದ ಯಾವ ತಿಂಗಳಲ್ಲಿ ಬಂದರು ಎಂಬುದು ಅಲ್ಲಿಲ್ಲ. ಮೇಲಾಗಿ, ತುಂಬಿದವರೇ ತಮ್ಮ ಬಗ್ಗೆ ತಾವು ಬರೆದುಕೊಂಡ ಸಾಕ್ಷ್ಯವಿದು. ಪೋಷಕರು ಅದನ್ನು ಓದಿ 'ಹೌದು' ಅಥವಾ 'ಅಲ್ಲ' ಎಂದು ಹೇಳುವ ಹಂತವೇ ನಮ್ಮಲ್ಲಿ ರೂಢಿಯಾಗಿಲ್ಲ.

ನಮ್ಮ ತಕರಾರು ಇಷ್ಟೇ. ಈ ಎರಡು ಕಾಗದಗಳು ಎಂದೂ ಒಂದೆಡೆ ಸೇರುವುದಿಲ್ಲ. ಒಂದು ಪತ್ರಿಕೆಯ ಮುಖಪುಟದಲ್ಲಿ, ಇನ್ನೊಂದು ಕಂಪ್ಯೂಟರಿನ ಮೂಲೆಯಲ್ಲಿ. ಸೇರಿಸಿ ಓದಿದರೆ ಕಥೆ ಬೇರೆಯಾಗುತ್ತದೆ. ಒಂದು ಉರ್ದು ಮಾಧ್ಯಮದ ಸರ್ಕಾರಿ ಪ್ರೌಢಶಾಲೆಯನ್ನು ಕಲ್ಪಿಸಿಕೊಳ್ಳೋಣ. ಪಿಸಿಎಂ ಶಿಕ್ಷಕರ ಹುದ್ದೆ ಖಾಲಿ. ಅತಿಥಿ ಶಿಕ್ಷಕರ ನೇಮಕದ ಆದೇಶ ಬರುವ ಹೊತ್ತಿಗೆ ಶಾಲೆ ತೆರೆದು ವಾರಗಳು ಕಳೆದಿರುತ್ತವೆ. ಬಂದವರಿಗೆ ವಿಷಯ ಗೊತ್ತು, ಉರ್ದು ಗೊತ್ತಿಲ್ಲ. ಅಥವಾ ಉರ್ದು ಗೊತ್ತು, ಗಣಿತ ಅವರ ವಿಷಯವಲ್ಲ. ಜನವರಿಯ ಹೊತ್ತಿಗೆ 'ಪಾಸಿಂಗ್ ಪ್ಯಾಕೇಜ್' ಎಂಬ ಮದ್ದು ಕೈಗೆ ಬರುತ್ತದೆ. ಮೇ ತಿಂಗಳಲ್ಲಿ ಗಣಿತದಲ್ಲಿ ಅರ್ಧ ತರಗತಿ ಬಿದ್ದಿರುತ್ತದೆ. ವರದಿಯಲ್ಲಿ ಬರುವುದು 'ಕಳಪೆ ಸಾಧನೆ' ಎಂಬ ಎರಡೇ ಪದ. ಖಾಲಿ ಕುರ್ಚಿಯ ಸಾಧನೆಯನ್ನು ಮಗುವಿನ ಹೆಸರಿಗೆ ಬರೆದದ್ದಾಯಿತು. ಉರ್ದುವಿನಲ್ಲಿ ಅಕ್ಷರ ಕಲಿತು ಕನ್ನಡದಲ್ಲಿ ಬರೆಯುತ್ತಿರುವ ನಮ್ಮಂಥವರಿಗೆ ಈ ಕುರ್ಚಿಯ ಪರಿಚಯ ಚೆನ್ನಾಗಿಯೇ ಇದೆ.

ಯಾದಗಿರಿ, ಕಲಬುರಗಿಗಳ ಮಾತೂ ಹೀಗೆಯೇ. ಡಿ.ಎಂ. ನಂಜುಂಡಪ್ಪ ಸಮಿತಿ ಪ್ರಾದೇಶಿಕ ಅಸಮತೋಲನದ ಬಗ್ಗೆ ವರದಿ ಕೊಟ್ಟದ್ದು 2002ರಲ್ಲಿ. ಆ ಭಾಗಕ್ಕಾಗಿ ಸಂವಿಧಾನಕ್ಕೆ 371ಜೆ ವಿಧಿ ಸೇರಿ ಹತ್ತು ವರ್ಷಗಳ ಮೇಲಾಯಿತು. ಇಷ್ಟೆಲ್ಲ ಆದ ಮೇಲೂ ಪಟ್ಟಿಯ ಬುಡದಲ್ಲಿ ಅದೇ ಹೆಸರುಗಳು ಬರುತ್ತಿದ್ದರೆ ಅದು ಮಕ್ಕಳ ಸುದ್ದಿಯಲ್ಲ, ಆಡಳಿತದ ಸುದ್ದಿ. ಆದರೂ ಪ್ರತಿ ವರ್ಷ ನಾಚಿಕೆಪಡಬೇಕಾಗಿ ಬರುವುದು ಹದಿನಾರರ ಮಕ್ಕಳು.

ಬೇರೆ ದೇಶಗಳಲ್ಲೂ ಈ ಪ್ರಶ್ನೆ ಎದ್ದಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮತದಾರರು 1988ರಲ್ಲಿ ಒಪ್ಪಿದ ಕಾನೂನಿನ ಪ್ರಕಾರ ಅಲ್ಲಿನ ಪ್ರತಿ ಸಾರ್ವಜನಿಕ ಶಾಲೆ ವರ್ಷಕ್ಕೊಮ್ಮೆ ತನ್ನ ಹೊಣೆಗಾರಿಕೆಯ ವರದಿ ಪ್ರಕಟಿಸಬೇಕು. 2000ದಲ್ಲಿ ಅಲ್ಲಿನ ಬಡ ಮಕ್ಕಳ ಪರವಾಗಿ ಸರ್ಕಾರದ ಮೇಲೆ 'ವಿಲಿಯಮ್ಸ್' ಮೊಕದ್ದಮೆ ಹೂಡಲಾಯಿತು. ನಮಗೆ ಪಠ್ಯಪುಸ್ತಕವಿಲ್ಲ, ಅರ್ಹ ಶಿಕ್ಷಕರಿಲ್ಲ, ಕಟ್ಟಡ ಸರಿಯಿಲ್ಲ ಎಂಬುದು ಅವರ ದೂರು. 2004ರ ರಾಜಿಯ ಬಳಿಕ ಪುಸ್ತಕಗಳ ಲಭ್ಯತೆ, ಕಟ್ಟಡದ ಸ್ಥಿತಿ, ಖಾಲಿ ಹುದ್ದೆಗಳ ವಿವರಗಳು ಶಾಲೆಯ ವರದಿಯಲ್ಲಿ ಕಡ್ಡಾಯವಾದವು. ಕೊರತೆ ಕಂಡರೆ ಎಲ್ಲಿ ದೂರಬೇಕೆಂಬ ಸೂಚನೆಯನ್ನು ಪ್ರತಿ ತರಗತಿಯಲ್ಲೂ ತೂಗುಹಾಕಬೇಕಾಯಿತು.

ಇಂಗ್ಲೆಂಡಿನದು ಎಚ್ಚರಿಕೆಯ ಪಾಠ. ಅಲ್ಲಿ 1992ರಿಂದ ಶಾಲೆಗಳ ಫಲಿತಾಂಶದ ಪಟ್ಟಿಗಳು ಪ್ರಕಟವಾಗತೊಡಗಿದವು. ತಪಾಸಣಾ ಸಂಸ್ಥೆ ಇಡೀ ಶಾಲೆಯನ್ನು ಒಂದೇ ಪದದಲ್ಲಿ ತೀರ್ಮಾನಿಸುವ ಪದ್ಧತಿಯೂ ಬೆಳೆಯಿತು. 2023ರ ಜನವರಿಯಲ್ಲಿ ರೆಡಿಂಗ್ ನಗರದ ಒಬ್ಬ ಮುಖ್ಯೋಪಾಧ್ಯಾಯಿನಿ ಪ್ರಾಣ ಕಳೆದುಕೊಂಡರು. ಆ ಸಾವಿಗೆ ತಪಾಸಣೆಯೂ ಕಾರಣವಾಯಿತೆಂದು ಮರಣ ವಿಚಾರಣೆಯ ಅಧಿಕಾರಿ ಅದೇ ವರ್ಷ ಹೇಳಿದರು. 2024ರ ಸೆಪ್ಟೆಂಬರ್‌ನಲ್ಲಿ ಒಂದೇ ಪದದ ತೀರ್ಪನ್ನು ಕೈಬಿಡಲಾಯಿತು. ಒಂದು ಪದವಾಗಲಿ, ಒಂದು ಶೇಕಡಾವಾರಾಗಲಿ, ಒಂದು ಶಾಲೆಯನ್ನು ಹೊರುವಷ್ಟು ಗಟ್ಟಿಯಲ್ಲ.

ಸ್ಥಿತಿಗತಿಯ ಮಾತೆತ್ತಿದರೆ ಅದು ನೆಪ ಹೇಳಿದಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಬಡ ಮಕ್ಕಳೂ ಸರ್ಕಾರಿ ಶಾಲೆಯಿಂದ ಮೇಲೆ ಬಂದಿಲ್ಲವೇ ಎನ್ನಬಹುದು. ಬಂದಿದ್ದಾರೆ. 2024ರಲ್ಲಿ 625ಕ್ಕೆ 625 ಅಂಕ ಪಡೆದವಳು ಬಾಗಲಕೋಟೆ ಜಿಲ್ಲೆಯ ಸರ್ಕಾರಿ ವಸತಿ ಶಾಲೆಯ ಹುಡುಗಿ. ಆ ಸುದ್ದಿಯನ್ನು ನಾವೆಲ್ಲ ಪವಾಡದಂತೆ ಓದಿದೆವು. ಆದರೆ ವಸತಿ ಶಾಲೆಯೆಂದರೆ ಮೂರು ಹೊತ್ತು ಊಟ, ಓದಲು ದೀಪ, ಸಂಜೆಯೂ ಸಿಗುವ ಶಿಕ್ಷಕರು, ಮನೆಗೆಲಸದಿಂದ ಬಿಡುವು. ಸ್ಥಿತಿಗತಿ ಚೆನ್ನಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಅವಳೇ ಸಾಕ್ಷಿ. ಅವಳ ಪರಿಶ್ರಮಕ್ಕೆ ಇದರಿಂದ ಕುಂದಿಲ್ಲ. ಅಂಥ ಪರಿಶ್ರಮಕ್ಕೆ ಆಸರೆ ಸಿಗದ ಮಕ್ಕಳ ಬಗ್ಗೆ ಮಾತ್ರ ನಾವು ಕೇಳುತ್ತಿದ್ದೇವೆ. 2025ರ ಪರೀಕ್ಷೆ ಬರೆದ 8,42,173 ಮಂದಿಯಲ್ಲಿ 3 ಲಕ್ಷಕ್ಕೂ ಹೆಚ್ಚು ಮಂದಿ ಮೊದಲ ಸುತ್ತಿನಲ್ಲಿ ತೇರ್ಗಡೆಯಾಗಲಿಲ್ಲ. ಇಷ್ಟೊಂದು ಮಂದಿ ಒಟ್ಟಿಗೇ ಸೋಮಾರಿಗಳಾಗಿರಲು ಸಾಧ್ಯವೇ?

ಸಮುದಾಯದ ಕಡೆಗೂ ಬೆರಳು ತೋರಿಸದೆ ಈ ಮಾತು ಪೂರ್ಣವಾಗದು. 2006ರ ಸಾಚಾರ್ ವರದಿಯನ್ನು ನಾವು ವೇದಿಕೆಗಳಲ್ಲಿ ಎಷ್ಟು ಸಲ ಉಲ್ಲೇಖಿಸಿಲ್ಲ! ಜೂನ್ ಬಂತೆಂದರೆ ನಮ್ಮ ಸಂಘಟನೆಗಳು ಶೇ. 85ರ ಮೇಲೆ ಅಂಕ ಪಡೆದವರಿಗೆ ಶಾಲು, ಸ್ಮರಣಿಕೆ, ನಗದು ಕೊಡುತ್ತವೆ. ಒಳ್ಳೆಯದೇ. ಆದರೆ ಅದೇ ಮೊಹಲ್ಲಾದ ಶಾಲೆಯಲ್ಲಿ ವಿಜ್ಞಾನ ಶಿಕ್ಷಕರಿದ್ದಾರೆಯೇ ಎಂದು ಕೇಳುವ ನಿಯೋಗ ಹೋದದ್ದನ್ನು ನಾವು ಕಂಡಿದ್ದು ಕಡಿಮೆ. ಸಮುದಾಯದವರೇ ನಡೆಸುವ ಅನುದಾನಿತ ಶಾಲೆಗಳ ಆಡಳಿತ ಮಂಡಳಿಗಳೂ ತಮ್ಮ ಶಾಲೆಯ ಕೊರತೆಯ ಪಟ್ಟಿಯನ್ನು ಪೋಷಕರ ಮುಂದಿಟ್ಟದ್ದು ಅಪರೂಪ. ಚಂದಾ ಕೇಳುವಾಗ ಕೊರತೆ, ವಾರ್ಷಿಕೋತ್ಸವದಲ್ಲಿ ಸಾಧನೆ ಎಂಬ ಎರಡು ನಾಲಿಗೆ ಸರ್ಕಾರಕ್ಕೆ ಮಾತ್ರ ಇರುವುದಲ್ಲ.

ಏನು ಮಾಡಬಹುದು? ಹೊಸ ಕಾನೂನೇ ಬೇಕೆಂದಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಕಲಂ ಯಾರೂ ಕೇಳದಿದ್ದರೂ ಸಾರ್ವಜನಿಕ ಸಂಸ್ಥೆಗಳು ತಾವಾಗಿಯೇ ಮಾಹಿತಿ ಪ್ರಕಟಿಸಬೇಕೆನ್ನುತ್ತದೆ. ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿಗಳಿವೆ. ಶಾಲೆಯ ವರದಿ ಕಾರ್ಡನ್ನು ಆ ಸಭೆಯಲ್ಲಿ ಕನ್ನಡದಲ್ಲೋ ಉರ್ದುವಿನಲ್ಲೋ ಗಟ್ಟಿಯಾಗಿ ಓದಿ, ತಪ್ಪಿದ್ದರೆ ತಿದ್ದಿಸಬೇಕು. ಶಾಲೆಯ ಗೋಡೆಯ ಮೇಲೆ ಒಂದು ಫಲಕ ಇರಲಿ. ಎಂಟನೆಯ ತರಗತಿಗೆ ಸೇರಿದವರೆಷ್ಟು, ಹತ್ತನ್ನು ಮುಟ್ಟಿದವರೆಷ್ಟು, ಪರೀಕ್ಷೆ ಬರೆದವರೆಷ್ಟು, ತೇರ್ಗಡೆಯಾದವರೆಷ್ಟು, ಮಂಜೂರಾದ ಹುದ್ದೆಗಳೆಷ್ಟು, ಖಾಲಿ ಎಷ್ಟು, ಎಂದಿನಿಂದ ಖಾಲಿ. ಈ ಏಳು ಸಾಲುಗಳು ಸಾಕು.

ಪತ್ರಕರ್ತ ಮಿತ್ರರಲ್ಲಿ ನಮ್ಮ ಬೇಡಿಕೆ ಇನ್ನೂ ಚಿಕ್ಕದು. ಮುಂದಿನ ಸಲ ಶೂನ್ಯ ಫಲಿತಾಂಶದ ಶಾಲೆಯ ಹೆಸರನ್ನು ಅಚ್ಚುಹಾಕುವ ಮೊದಲು ಅಲ್ಲಿಗೆ ಫೋನು ಮಾಡಿ ಒಂದೇ ಪ್ರಶ್ನೆ ಕೇಳಲಿ: 'ನಿಮ್ಮಲ್ಲಿ ಗಣಿತ ಹೇಳಿಕೊಟ್ಟವರು ಯಾರು, ಯಾವಾಗಿನಿಂದ?' ಬಂದ ಉತ್ತರವನ್ನು ಶೇಕಡಾವಾರಿನ ಪಕ್ಕದಲ್ಲೇ ಅಚ್ಚುಹಾಕಲಿ. ಓದುಗರು ಉಳಿದದ್ದನ್ನು ತಾವೇ ಅರ್ಥ ಮಾಡಿಕೊಳ್ಳುತ್ತಾರೆ.