ಖಾಲಿ ಜಾಗ ಅಂದಿದ್ದು ನಾನೇ

ಮೊದಲೇ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ವೀಣೆ ದೊರೆಸ್ವಾಮಿ ಅಯ್ಯಂಗಾರರ ಧ್ವನಿಮುದ್ರಣಗಳ ಬಗ್ಗೆ ಬರೀತಾ ‘ಶುದ್ಧವಾಗಿದೆ, ಆದರೆ ಸ್ವಲ್ಪ ಸಪ್ಪೆ, ಖಾಲಿ ಜಾಗ ಜಾಸ್ತಿ’ ಅಂತ ಷರಾ ಹಾಕಿದ್ದೆ. ಆಗ ನಾನು ವೀಣೆ ಮುಟ್ಟಿ ಹದಿನಾರು ವರ್ಷ ಆಗಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತ ಆಫೀಸ್ ಬಸ್ಸಿನೊಳಗೆ, ಇಯರ್‌ಫೋನ್ ಸಿಕ್ಕಿಸಿಕೊಂಡು ಕೊಟ್ಟ ತೀರ್ಪು ಅದು.

ಎಸ್ಸೆಸ್ಸೆಲ್ಸಿ ವರ್ಷ ‘ಪರೀಕ್ಷೆ ಮುಗೀಲಿ’ ಅಂತ ಗೋಡೆಗೆ ಒರಗಿಸಿದ ವೀಣೆ ಹೋದ ವರ್ಷ ಮೈಸೂರಿನ ಮನೆಯಿಂದ ನನ್ನ ಫ್ಲ್ಯಾಟಿಗೆ ಬಂತು. ಮೆಟ್ಟಿಲು ಕೂರಿಸಿದ ಮೇಣ ಒಣಗಿ ಬಿರುಕು ಬಿಟ್ಟಿತ್ತು. ಅದನ್ನ ತೆಗೆದು ಇಪ್ಪತ್ನಾಲ್ಕು ಮೆಟ್ಟಿಲನ್ನೂ ಹೊಸ ಮೇಣದಲ್ಲಿ ಕೂರಿಸಬೇಕಾಯಿತು. ಹೊಸ ಮೇಷ್ಟ್ರು ನನ್ನ ಹಳೇ ವರ್ಣದ ಪ್ರತಾಪ ಎರಡು ನಿಮಿಷ ಕೇಳಿ, ‘ಸರಳೆಯಿಂದ ಶುರು ಮಾಡೋಣ’ ಅಂದರು. ಟೀಮ್ ಲೀಡ್ ಆದವನಿಗೆ ಸರಳೆ!

ಸಿಟ್ಟು ಇಳಿಯೋದಕ್ಕೆ ಒಂದು ವಾರ ಬೇಕಾಯಿತು. ಆಮೇಲೆ ಗೊತ್ತಾಗಿದ್ದು, ಈ ಪಾಠಕ್ಕೆ ಮಾಯಾಮಾಳವಗೌಳ ಆರಿಸಿದವರು ವೀಣೆಯ ದಂಡಿಯನ್ನು ಚೆನ್ನಾಗಿ ಬಲ್ಲವರು ಅಂತ (ಪುರಂದರದಾಸರು ಅನ್ನೋದು ಪರಂಪರೆಯ ಮಾತು). ಸ ಬಿಟ್ಟ ತಂತಿ. ರಿ ಮೊದಲ ಮೆಟ್ಟಿಲು. ಅಲ್ಲಿಂದ ಎರಡು ಮೆಟ್ಟಿಲು ಹಾರಿ ಗ, ಅದರ ಪಕ್ಕದಲ್ಲೇ ಮ. ಪ-ದ-ನಿ-ಸದಲ್ಲೂ ಅದೇ ನಕ್ಷೆ. ಕೈ ಒಂದು ನಡಿಗೆ ಕಲಿತರೆ ಸಾಕು, ಎರಡು ಕಡೆ ಬಳಸಬಹುದು. ಕಷ್ಟವೆಲ್ಲ ಆ ರಿ-ಗ ನಡುವಿನ ಜಿಗಿತದಲ್ಲಿದೆ. ಚಿಕ್ಕವನಿದ್ದಾಗ ಅದನ್ನ ಯೋಚನೆ ಮಾಡದೆ ಹಾರಿಬಿಡ್ತಿದ್ದೆ. ಈಗ ಕಿವಿ ಮೊದಲೇ ಗಾಂಧಾರ ಮುಟ್ಟಿರುತ್ತೆ, ಬೆರಳು ಇನ್ನೂ ದಾರಿಯಲ್ಲಿರುತ್ತೆ. ಇಷ್ಟು ವರ್ಷ ಬರೀ ಕೇಳಿದ್ದರಿಂದ ಕಿವಿಗೆ ಮಾತ್ರ ಬಡ್ತಿ ಸಿಕ್ಕಿದೆ.

ಆದರೆ ನನ್ನ ಷರಾ ಅಡ್ಡ ಬಿದ್ದಿದ್ದು ಜಿಗಿತದಲ್ಲಲ್ಲ, ನಿಲ್ಲುವುದರಲ್ಲಿ. ವೀಣೆಯ ನಾದ ಮೀಟಿದ ಕ್ಷಣದಿಂದಲೇ ಸಾಯೋದಕ್ಕೆ ಶುರು ಮಾಡುತ್ತೆ. ಹಾಡುಗಾರರಿಗೆ ಉಸಿರಿದೆ, ಪಿಟೀಲಿಗೆ ಕಮಾನಿದೆ, ನಮಗೆ ಅದಾವುದೂ ಇಲ್ಲ. ಎಡಗೈ ಒತ್ತು ಚೂರು ಸಡಿಲವಾದರೂ ಸ್ವರ ಅಲ್ಲೇ ಕುಸಿಯುತ್ತೆ. ವಿಳಂಬದಲ್ಲಿ ನನಗೆ ಮೌನದ ಭಯ, ಬೇಡದಿದ್ದರೂ ಇನ್ನೊಂದು ಸಲ ಮೀಟಿಬಿಡ್ತೀನಿ. ‘ಯಾಕೆ ಅವಸರ? ಅದಿನ್ನೂ ಇದೆಯಲ್ಲ!’ ಅಂತ ಮೇಷ್ಟ್ರು ಗದರಿದರು.

ಆ ರಾತ್ರಿ ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ದೊರೆಸ್ವಾಮಿ ಅಯ್ಯಂಗಾರರನ್ನ ಮತ್ತೆ ಹಾಕಿದೆ. ವೀಣೆ ಶೇಷಣ್ಣನವರಿಂದ ವೆಂಕಟಗಿರಿಯಪ್ಪನವರಿಗೆ, ಅವರಿಂದ ಇವರಿಗೆ ಇಳಿದ ಮೈಸೂರು ಬಾನಿ ಅದು. ತಂಜಾವೂರು ಬಾನಿ ತಂತಿಯನ್ನ ಎಳೆದು ಹಾಡಿನ ಬಳುಕು ತರಲು ನೋಡಿದರೆ, ಮೈಸೂರಿನವರಿಗೆ ಮೀಟು ಸ್ಪಷ್ಟವಾಗಿರಬೇಕು, ವೀಣೆ ವೀಣೆಯ ಹಾಗೇ ಕೇಳಬೇಕು. ಇದನ್ನೆಲ್ಲ ನಾನು ಆಗಲೂ ಬರೆದಿದ್ದೆ, ಪುಸ್ತಕ ನೋಡಿ. ಕೇಳಿಸಿಕೊಂಡಿರಲಿಲ್ಲ ಅಷ್ಟೆ. ಅವರು ಒಮ್ಮೆ ಮೀಟಿ ಕಾಯ್ತಾರೆ. ನಾದ ಕರಗ್ತಾ ಹೋಗುತ್ತೆ, ಆದರೆ ಬೆರಳು ಅದರ ಜೊತೆಗೇ ಇರುತ್ತೆ. ಇನ್ನೇನು ಮುಗೀತು ಅನ್ನುವಾಗ ಆ ಉಳಿದ ಎಳೆಯಲ್ಲೇ ಮುಂದಿನ ಸ್ವರಕ್ಕೆ ಜಾರ್ತಾರೆ, ಹೊಸ ಮೀಟಿಲ್ಲದೆ. ನಾನು ಖಾಲಿ ಅಂದಿದ್ದ ಜಾಗದಲ್ಲೇ ಅಷ್ಟೂ ಕೆಲಸ ನಡೀತಿತ್ತು. ಬಸ್ಸಿನ ಎಂಜಿನ್ ಅದನ್ನ ನುಂಗಿಹಾಕಿತ್ತು. 1984ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟವರು ಬಸ್ಸಲ್ಲಿ ಕೂತು ಕೇಳಿರಲಿಕ್ಕಿಲ್ಲ.

ಹಾಗಂತ ನುಡಿಸೋಕೆ ಬರದವರು ವಿಮರ್ಶೆ ಬರೀಬಾರದು ಅಂತಲ್ಲ. ಅಡುಗೆ ಬರದಿದ್ದರೂ ಉಪ್ಪು ಕಡಿಮೆ ಅನ್ನಬಹುದು. ಆದರೆ ನಾಲಿಗೆ ಸುಟ್ಟುಕೊಂಡ ದಿನ ಅನ್ನಬಾರದು. ಹಾಗೇ ನನ್ನ ಒಂದು ತಕರಾರನ್ನೂ ವಾಪಸ್ ತಗೊಳ್ಳಲ್ಲ. ನಮ್ಮ ಪಾಠದ ಪುಸ್ತಕಗಳು ಬರೀ ಸ್ವರ ಅಚ್ಚು ಹಾಕಿ ಕೈತೊಳೆದುಕೊಳ್ತವೆ. ಎಲ್ಲಿ ಕಾಯಬೇಕು, ಎಷ್ಟು ಒತ್ತಬೇಕು ಅಂತ ಒಂದು ಸಾಲಾದರೂ ಬೇಡವಾ? ಮಗುವಿಗೆ ಬೈದು ಕಲಿಸಬಹುದು, ಮೂವತ್ತೈದರವನು ಕಾರಣ ಕೇಳ್ತಾನೆ.

ಸದ್ಯಕ್ಕೆ ಪಿಳ್ಳಾರಿ ಗೀತೆಗಳಲ್ಲಿದ್ದೀನಿ. ಮಲಹರಿ ರಾಗ, ನಿಷಾದವೇ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಮ ಇಂದ ಗಕ್ಕೆ ಹೊಸ ಮೀಟಿಲ್ಲದೆ ಇಳಿಯೋಕೆ ನೋಡ್ತಿದ್ದೀನಿ. ಹತ್ತರಲ್ಲಿ ಮೂರು ಸಲ ಸ್ವರ ಉಳಿಯುತ್ತೆ. ಎಡಗೈ ಬೆರಳಲ್ಲಿ ಮತ್ತೆ ಗೆರೆ ಮೂಡಿದೆ, ಕೊಬ್ಬರಿ ಎಣ್ಣೆ ಹಚ್ಚಿದರೂ ಕಪ್ಪು ಹೋಗ್ತಿಲ್ಲ. ಸೋಮವಾರ ಮೀಟಿಂಗಲ್ಲಿ ಯಾರೋ ಇಂಕಾ ಅಂತ ಕೇಳಿದರು.