ಕಗ್ಗವೂ ಸುಖದ ಅರಸಿಕೆಯೂ

ಓದಿನಿಂದ ಬಾಳನ್ನು ತಿದ್ದಿಕೊಂಡು ಸುಖಿಯಾಗಬೇಕೆಂಬ ಬಯಕೆ ಹೊಸದಲ್ಲ. ಸ್ಯಾಮ್ಯುಯೆಲ್ ಸ್ಮೈಲ್ಸ್ ಎಂಬಾತನ “ಸೆಲ್ಫ್ ಹೆಲ್ಪ್” 1859ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಿದ್ದ ಮೇಲೆ ಆ ಜಾತಿಯ ಗ್ರಂಥಗಳು ಲೆಕ್ಕವಿಲ್ಲದಷ್ಟು ಬಂದಿವೆ. ಕನ್ನಡಿಗರು ಈ ಬಯಕೆಯಿಂದ ಅನೇಕವೇಳೆ ಕೈಗೆತ್ತಿಕೊಳ್ಳುವುದು, ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಶ್ರೀ ಡಿ. ವಿ. ಗುಂಡಪ್ಪನವರ “ಮಂಕುತಿಮ್ಮನ ಕಗ್ಗ”ವನ್ನು. 1943ರಲ್ಲಿ ಪ್ರಕಟವಾದ ಈ ಕೃತಿಯನ್ನು ಸುಖದ ಕೈಪಿಡಿಯೆಂದು ಓದುವುದು ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

ಕೈಪಿಡಿಯಲ್ಲಿ ಬಲ್ಲವನು ಅರಿಯದವನಿಗೆ ದಾರಿ ಹೇಳುತ್ತಾನೆ. ಕಗ್ಗದಲ್ಲಿ ಹೇಳುವವನೂ ತಿಮ್ಮ, ಕೇಳುವವನೂ ತಿಮ್ಮ; ಅದರಮೇಲೆ ಅವನು ಮಂಕ. ರೋಮಿನ ಚಕ್ರವರ್ತಿ ಮಾರ್ಕಸ್ ಆರೀಲಿಯಸನು ತನಗೆ ತಾನೇ ಹೇಳಿಕೊಂಡ ಮಾತುಗಳಂತೆ ಇದೂ ಆತ್ಮಸಂವಾದ. ಮೊದಲಿನ ದೇವಸ್ತುತಿ ಮುಗಿದೊಡನೆ ಬರುವುದು ಉಪದೇಶವಲ್ಲ, ಬಾಳಿನ ಅರ್ಥವೇನೆಂಬ ಪ್ರಶ್ನೆ. ಸಂಶಯವನ್ನು ಮುಚ್ಚಿಡದೆ ನಡೆಯುವುದೇ ಈ ಕಾವ್ಯದ ಪ್ರಾಮಾಣಿಕತೆ.

ಬೆಟ್ಟದಡಿಯ ಹುಲ್ಲಿನಿಂದ ಆರಂಭವಾಗುವ ಪದ್ಯವನ್ನು ಅರಿಯದವರು ವಿರಳ. ಅದನ್ನು ಸೌಜನ್ಯದ ಪಾಠವೆಂದು ಮಕ್ಕಳಿಂದ ಕಂಠಪಾಠ ಮಾಡಿಸುವುದುಂಟು. ಆದರೆ ಅದರ ಉಪಮಾನಗಳ ಕ್ರಮವನ್ನು ಗಮನಿಸಬೇಕು. ವಿಧಿಯ ಮಳೆಗೆ ಕಲ್ಲಾಗಬೇಕಾದದ್ದು ತನ್ನ ಕಷ್ಟದಲ್ಲಿ. ಬೆಲ್ಲವಾಗಬೇಕಾದದ್ದು ದೀನರ ಪಾಲಿಗೆ. ಕಲ್ಲನ್ನು ಮಾತ್ರ ಆರಿಸಿಕೊಂಡವನು ಕಠಿಣನಾದಾನು. ಮಲ್ಲಿಗೆಯನ್ನು ಮಾತ್ರ ಆರಿಸಿಕೊಂಡವನು ಮೊದಲ ಪೆಟ್ಟಿಗೇ ಬಾಡಿಯಾನು. ಪದ್ಯದ ಕೊನೆಯಲ್ಲಿಯಾದರೋ ವ್ಯಕ್ತಿ ಎಲ್ಲರೊಳಗೊಬ್ಬನಾಗಿ ಕರಗುತ್ತಾನೆ. ಆತ್ಮೋನ್ನತಿಯೆಂದರೆ ತಾನು ದೊಡ್ಡವನಾಗುವುದಲ್ಲ, “ತಾನು” ಎಂಬುದು ಸಣ್ಣದಾಗುವುದು. ಕವಿಯ ನಡತೆಯೂ ಇದಕ್ಕೆ ಹೊರತಾಗಿರಲಿಲ್ಲ. 1970ರ ಸನ್ಮಾನದಲ್ಲಿ ದೊರೆತ ಒಂದು ಲಕ್ಷ ರೂಪಾಯಿಗಳನ್ನು ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿಬಿಟ್ಟರು.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. 945 ಪದ್ಯಗಳಲ್ಲಿ ಒಂದೇ ಭಾವ ಮತ್ತೆ ಮತ್ತೆ ಬರುತ್ತದೆ. ಪ್ರಾಸದ ನಿರ್ಬಂಧಕ್ಕಾಗಿ ಕೆಲವೆಡೆ ಮಾತು ಗಂಟುಬೀಳುತ್ತದೆ. ಹಳೆಯ ನುಡಿಯ ಪರಿಚಯವಿಲ್ಲದವರಿಗೆ ಟೀಕೆಯ ನೆರವು ಬೇಕಾಗುತ್ತದೆ. ಒಂದೊಂದು ಪದ್ಯವೂ ಬಿಡಿಯಾಗಿ ನಿಲ್ಲುವುದರಿಂದ, ಓದುಗನು ತನಗೆ ಒಪ್ಪಿದ್ದನ್ನು ಮಾತ್ರ ಆಯ್ದು ಉಳಿದುದನ್ನು ಬಿಡುವ ಅಪಾಯವೂ ಇದೆ.

ಆದುದರಿಂದ ಕಗ್ಗವನ್ನು ನೋವಿಗೆ ಹಚ್ಚುವ ಮುಲಾಮಿನಂತೆ ಬಳಸುವುದು ಸಲ್ಲದು. ಸಮಾಧಾನ ಹೇಳುವ ಪದ್ಯದೊಡನೆ ಕೆಣಕುವ ಪದ್ಯವನ್ನೂ ಓದಬೇಕು. ಹಾಗೆ ಓದಿದವನಿಗೆ ಕಷ್ಟಗಳು ತಪ್ಪಲಾರವು. ಆದರೆ ಅವು ತನ್ನೊಬ್ಬನವೇ ಎಂಬ ಭ್ರಮೆ ತಪ್ಪೀತು. ಓದಿನಿಂದ ಬರುವ ಸುಖದಲ್ಲಿ ಬಹುಭಾಗ ಅದೇ.