ಅದೇ ಕಾಳಗಕ್ಕೆ ಎರಡನೇ ಟಿಕೀಟು

1993ರ ಸೆಪ್ಟೆಂಬರಿನಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಸೂಪರ್ ಸ್ಟ್ರೀಟ್ ಫೈಟರ್ 2’ ಎಂಬ ಕಾದಾಟದ ವಿಡಿಯೋ ಗೇಮನ್ನು ಆರ್ಕೇಡ್‌ಗಳಿಗೆ ಬಿಟ್ಟಿತು. ಹಿಂದಿನದಕ್ಕಿಂತ ಚಿತ್ರ ಚೆಂದ, ಸದ್ದು ಚೆಂದ. 12 ಇದ್ದ ಕಾದಾಳುಗಳು 16 ಆಗಿದ್ದರು. ಮರುವರ್ಷ ಅದು ಮನೆಯ ಸೂಪರ್ ನಿಂಟೆಂಡೊ ಯಂತ್ರಕ್ಕೂ ಬಂತು. ಅದೇ ಯಂತ್ರದಲ್ಲಿ 1992ರ ‘ಸ್ಟ್ರೀಟ್ ಫೈಟರ್ 2’ 63 ಲಕ್ಷ ಪ್ರತಿ ಹೋಗಿತ್ತು. 1993ರ ‘ಟರ್ಬೊ’ 41 ಲಕ್ಷ. ಈ ‘ಸೂಪರ್’ 20 ಲಕ್ಷಕ್ಕೆ ನಿಂತಿತು. ಕಂಪನಿಯೇ ಇಟ್ಟುಕೊಂಡ ಲೆಕ್ಕ ಇದು. ಆಟ ಬೆಳೆದಷ್ಟೂ ಕೊಳ್ಳುವವರು ಕರಗಿದರು.

ಸಾಹಿತ್ಯದ ಪುಟದಲ್ಲಿ ಗೇಮಿನ ಲೆಕ್ಕ ಯಾಕೆ ಎಂದು ಕೇಳಬಹುದು. ನಮ್ಮಲ್ಲಿ ‘ಪರಿಷ್ಕೃತ, ವರ್ಧಿತ ಆವೃತ್ತಿ’ ಎಂದು ರಕ್ಷಾಪುಟದ ಮೇಲೆ ಅಚ್ಚು ಹಾಕಿದ ಪುಸ್ತಕಗಳನ್ನು ನೋಡಿದಾಗೆಲ್ಲ ಏಳುವ ಪ್ರಶ್ನೆಯೇ ಇಲ್ಲಿಯೂ ಇದೆ: ಒಂದು ಕೃತಿ ಯಾವಾಗ ನಿಜಕ್ಕೂ ಹೊಸದಾಗುತ್ತದೆ, ಯಾವಾಗ ಬರೀ ದಪ್ಪವಾಗುತ್ತದೆ? ಪುಸ್ತಕದ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಒಂದು ತಲೆಮಾರು ದಾಟಿರುತ್ತದೆ. ಗೇಮಿನಲ್ಲಿ ಮೊದಲ ವಾರಕ್ಕೇ ಬರುತ್ತದೆ.

ಸುಲಭದ ವಿವರಣೆಯೊಂದಿದೆ. ಕಂಪನಿಗೆ ದುರಾಸೆ, ಜನಕ್ಕೆ ಬೇಸರ, ಅಷ್ಟೇ. ಇದರಲ್ಲಿ ಅರ್ಧ ನಿಜವಿದೆ. ಆದರೆ ಬೇಸರವೊಂದೇ ಕಾರಣವಾಗಿದ್ದರೆ ‘ಟರ್ಬೊ’ ಕೂಡ ಬೀಳಬೇಕಿತ್ತಲ್ಲ? ಅದೂ ಪರಿಷ್ಕೃತ ಆವೃತ್ತಿಯೇ. ಅದರಲ್ಲಿ ಹೊಸ ಕಾದಾಳು ಒಬ್ಬನೂ ಇರಲಿಲ್ಲ. ಆದರೂ 41 ಲಕ್ಷ ಜನ ಕೊಂಡರು.

‘ಟರ್ಬೊ’ ಹುಟ್ಟಿದ ಕಥೆ ಸ್ವಾರಸ್ಯದ್ದು. 1992ರ ‘ಚಾಂಪಿಯನ್ ಎಡಿಷನ್’ ಬಂದ ಮೇಲೆ ಅದರ ಕಳ್ಳ ಪ್ರತಿಗಳು ಹರಡಿದವು. ‘ರೇನ್‌ಬೋ ಎಡಿಷನ್’ ಎಂದು ಹೆಸರಾದ ಒಂದು ಕಳ್ಳ ಪ್ರತಿಯಲ್ಲಿ ಕಾದಾಳುಗಳು ಗಾಳಿಯಲ್ಲಿದ್ದಾಗಲೂ ಬೆಂಕಿ ಉಂಡೆ ಬಿಡುತ್ತಿದ್ದರು, ಜಗಳದ ನಡುವೆ ಒಬ್ಬ ಇನ್ನೊಬ್ಬನಾಗುತ್ತಿದ್ದ, ಎಲ್ಲವೂ ಹುಚ್ಚು ವೇಗದಲ್ಲಿ ನಡೆಯುತ್ತಿತ್ತು. ಅಸಂಬದ್ಧ ಆಟ. ಆದರೆ ಜನ ಅದಕ್ಕೇ ಮುಗಿಬಿದ್ದರು. ಅಸಂಬದ್ಧತೆಯ ಒಳಗೆ ಜನಕ್ಕೆ ಬೇಕಾದದ್ದೊಂದು ಇದೆ, ಅದು ವೇಗ ಎಂದು ಕಂಪನಿಗೆ ತಿಳಿಯಿತು. ಆ ವೇಗವನ್ನು ಹದಕ್ಕೆ ತಂದು ವರ್ಷದ ಕೊನೆಗೆ ಅಧಿಕೃತ ಆವೃತ್ತಿ ಹೊರಡಿಸಿತು. ಅಂದರೆ ಓದುಗರು ಪಠ್ಯದ ಅಂಚಿನಲ್ಲಿ ಗೀಚಿದ್ದನ್ನು ಮೂಲಕರ್ತೃವೇ ಒಳಗೆ ತೆಗೆದುಕೊಂಡ ಹಾಗೆ. ಬಯಲಾಟದ ಹಸ್ತಪ್ರತಿಗಳಲ್ಲಿ ನಾನು ದಿನವೂ ನೋಡುವುದು ಇದನ್ನೇ. ಯಾವುದೋ ಊರಿನ ಸಾರಥಿ ರಂಗದ ಮೇಲೆ ತಾನಾಗಿ ಸೇರಿಸಿದ ಮಾತು ಜನಕ್ಕೆ ಹಿಡಿಸಿದರೆ, ಮುಂದಿನ ಪ್ರತಿಕಾರ ಅದನ್ನು ಪದದ ನಡುವೆಯೇ ಬರೆದುಬಿಡುತ್ತಾನೆ.

‘ಸೂಪರ್’ ಮಾಡಿದ್ದು ಇದಕ್ಕೆ ತದ್ವಿರುದ್ಧ. ಜನ ಕೇಳಿ ಪಡೆದ ವೇಗವನ್ನೇ ಆರ್ಕೇಡಿನಲ್ಲಿ ಇಳಿಸಿತು, ಬದಲಿಗೆ ಯಾರೂ ಕೇಳದ ನಾಲ್ವರನ್ನು ಕೊಟ್ಟಿತು: ಕ್ಯಾಮಿ, ಫೇ ಲಾಂಗ್, ಡೀ ಜೇ, ಟಿ. ಹಾಕ್. ಇವರಲ್ಲಿ ಕ್ಯಾಮಿ ಒಬ್ಬಳಿಗೆ ಮಾತ್ರ ತನ್ನದೇ ಆದ ನಡೆ ಇದೆ ಎಂಬುದು ನನ್ನ ಅಭಿಪ್ರಾಯ. ಫೇ ಲಾಂಗ್ ಬ್ರೂಸ್ ಲೀಯ ನೆರಳು, ಟಿ. ಹಾಕ್ ಹಿಡಿದು ತಿರುಗಿಸಿ ಕುಕ್ಕುವುದನ್ನು ರಷ್ಯಾದ ಜಾಂಗೀಫ್ ಮೊದಲೇ ಮಾಡಿ ಮುಗಿಸಿದ್ದ. ಅದರ ಮೇಲೆ, ಈ ಆಟಕ್ಕೆ ಸಿಪಿಎಸ್-2 ಎಂಬ ಹೊಸ ಬೋರ್ಡ್ ಬೇಕು. ಮಷೀನು ಇಟ್ಟು ಹೊಟ್ಟೆ ಹೊರೆಯುವ ಮಾಲೀಕನಿಗೆ ಅದು ಹೊಸ ಖರ್ಚು. ಅರ್ಧ ವರ್ಷ ಕಳೆಯುವಷ್ಟರಲ್ಲಿ ಕಂಪನಿ ‘ಸೂಪರ್ ಟರ್ಬೊ’ ತಂದು ವೇಗವನ್ನು ವಾಪಸ್ ಕೊಟ್ಟಿತು. ಆಮೇಲೆ, 1994ರ ನಡುವಿನಲ್ಲಿ, ‘ಸೂಪರ್’ ಮನೆಯ ಯಂತ್ರಕ್ಕೆ ಬಂತು. ಅಷ್ಟರಲ್ಲಿ ಆರ್ಕೇಡಿನಲ್ಲಿ ಅದರ ಮುಂದಿನದೇ ಓಡುತ್ತಿತ್ತು! ಅಂಗಡಿಯಲ್ಲಿ ಹೊಚ್ಚಹೊಸದು ಎಂದು ಮಾರುತ್ತಿರುವುದು ಬೀದಿಯಲ್ಲಿ ಆಗಲೇ ಹಳತಾಗಿದ್ದರೆ ಯಾರು ಕೊಳ್ಳುತ್ತಾರೆ? ಒಂದು ಕಂಪನಿ ತನ್ನ ಗಿರಾಕಿಗೆ ‘ಕಾಯಿ’ ಎಂದು ಕಲಿಸುವುದು ಹೀಗೆ. ಎರಡು ಸಲ ಕಾದವನು ಮೂರನೇ ಸಲ ಹೇಳಿಸಿಕೊಳ್ಳದೆಯೇ ಕಾಯುತ್ತಾನೆ.

ಹಾಗಾದರೆ ಅದೇ ಕಾಳಗವನ್ನು ಎರಡನೇ ಸಲ ಹೇಳುವುದೇ ತಪ್ಪೇ? ಕನ್ನಡ ಓದಿದವರು ಹಾಗೆನ್ನಲಾರರು. ಪಂಪ 941ರಲ್ಲಿ ಅರ್ಜುನನನ್ನು ನಾಯಕನಾಗಿಟ್ಟು ಭಾರತ ಬರೆದ. ಆ ಶತಮಾನ ಮುಗಿಯುವ ಹೊತ್ತಿಗೆ ರನ್ನ ಅದೇ ಕಥೆಯ ಕೊನೆಯ ಜಗಳವೊಂದನ್ನು ಹಿಡಿದುಕೊಂಡು ‘ಗದಾಯುದ್ಧ’ ಬರೆದ. ಪಂಪನ ಹದಿಮೂರನೆಯ ಆಶ್ವಾಸಕ್ಕೆ ರನ್ನ ಎಷ್ಟು ಸಾಲಗಾರ ಎನ್ನುವುದನ್ನು ಎಂ.ಎ. ತರಗತಿಯಲ್ಲಿ ಎಲ್ಲರೂ ಬರೆದೇ ಬಂದಿರುತ್ತೇವೆ. ಸಾಮಗ್ರಿಯ ಲೆಕ್ಕದಲ್ಲಿ ನೋಡಿದರೆ ಅದು ಪಂಪನ ಒಂದು ತುಣುಕಿನ ವರ್ಧಿತ ಆವೃತ್ತಿ. ಆದರೆ ಅದನ್ನು ಯಾರೂ ಹಾಗೆ ಓದುವುದಿಲ್ಲ. ರನ್ನ ಹೊಸ ವೀರರನ್ನು ಸೇರಿಸಲಿಲ್ಲ. ನಾವು ನಿಲ್ಲುವ ಜಾಗವನ್ನು ಬದಲಾಯಿಸಿದ. ಕಥೆಯನ್ನು ಕೊನೆಯಿಂದ ಹಿಂದಕ್ಕೆ ತಿರುಗಿ ನೋಡಿದ. ಭೀಮನನ್ನು ನಾಯಕ ಎಂದು ಸಾರಿಕೊಂಡೂ ದುರ್ಯೋಧನನ ಹಿಂದೆ ನಮ್ಮನ್ನು ನಡೆಸಿದ. ‘ಸೂಪರ್’ನಲ್ಲಿ ನಾಲ್ವರು ಹೊಸಬರು ಬಂದರೂ ನಿಂತ ಜಾಗ ಅದೇ.

ಇಷ್ಟಕ್ಕೇ ನಿಲ್ಲಿಸಿದರೆ ಕವಿಗೂ ಗೇಮಿಗೂ ಅನ್ಯಾಯವಾಗುತ್ತದೆ. ಯಾಕೆಂದರೆ ಕಾದಾಟದ ಗೇಮು ಕಾವ್ಯಕ್ಕಿಂತ ಬಯಲಾಟಕ್ಕೆ ಹತ್ತಿರ. ನಮ್ಮ ಬಳ್ಳಾರಿ ಸೀಮೆಯ ದೊಡ್ಡಾಟದಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಯುತ್ತದೆ. ಖರ್ಚನ್ನು ಪಾತ್ರ ಹಾಕುವವರೇ ಹಂಚಿಕೊಳ್ಳುತ್ತಾರೆ. ನೋಡುವವನಿಗೆ ಬಿಟ್ಟಿ. ಕಥೆ ಎಲ್ಲರಿಗೂ ಗೊತ್ತು, ಯಾರು ಬೀಳುತ್ತಾರೆಂಬುದೂ ಗೊತ್ತು. ಗೊತ್ತಿಲ್ಲದಿರುವುದು ಒಂದೇ: ಹೋದ ವರ್ಷ ಭೀಮನಾಗಿದ್ದವನ ಕಿರೀಟ ಈ ವರ್ಷ ಅವನ ತಮ್ಮನ ತಲೆಗೆ ಕೂರುತ್ತದೋ ಇಲ್ಲವೋ. ಗೇಮಿನಲ್ಲೂ ದುಡ್ಡು ಕೊಡುವವನು ಪಾತ್ರಧಾರಿ. ಅವನು ಕಥೆ ಕೊಳ್ಳುವುದಿಲ್ಲ, ಪಾತ್ರ ಕೊಳ್ಳುತ್ತಾನೆ. ಒಮ್ಮೆ ದುಡ್ಡು ಕಟ್ಟಿ, ಆರು ತಿಂಗಳು ತಾಲೀಮು ಮಾಡಿ ಒಲಿಸಿಕೊಂಡ ಪಾತ್ರಕ್ಕೆ ಮತ್ತೆ ದುಡ್ಡು ಕಟ್ಟು ಎಂದರೆ ಅವನ ಮುಖ ಹೇಗಾಗಬೇಡ!

ಇನ್ನೊಂದು ಸಂಗತಿಯಿದೆ. ಮೊದಲ ವಾರದ ಸೋಲಿಗೆ ಇದೇ ಮುಖ್ಯ ಕಾರಣ ಎಂದು ನನಗೆ ಅನಿಸುತ್ತದೆ. ಕಾದಂಬರಿಯ ಹೊಸ ಆವೃತ್ತಿ ಓದಲು ನನಗೆ ಇನ್ನೊಬ್ಬ ಓದುಗ ಬೇಕಿಲ್ಲ. ಕಾದಾಡಲು ಇನ್ನೊಬ್ಬ ಬೇಕೇ ಬೇಕು. ಭೀಮ ಹೊಸ ಆವೃತ್ತಿಗೆ ಹೋಗಿ ದುರ್ಯೋಧನ ಹಳೆಯದರಲ್ಲೇ ಉಳಿದರೆ ಯುದ್ಧವೇ ಇಲ್ಲ. ಹಾಗಾಗಿ ಪ್ರತಿಯೊಬ್ಬನೂ ಎದುರಾಳಿ ಕೊಳ್ಳಲಿ ಎಂದು ಕಾಯುತ್ತಾನೆ. ಎಲ್ಲರೂ ಕಾಯುತ್ತಿರುವುದರಿಂದ ಯಾರೂ ಕೊಳ್ಳುವುದಿಲ್ಲ. ಈ ಗಂಟು ಆಟದ ಗುಣದಿಂದ ಬಿಚ್ಚುವಂಥದ್ದಲ್ಲ. ಆಟ ಎಷ್ಟೇ ಚೆನ್ನಾಗಿರಲಿ.

ಸಿರುಗುಪ್ಪದಲ್ಲಿ ನಾನು ಹೈಸ್ಕೂಲು ಓದುವಾಗ ಬಸ್ ನಿಲ್ದಾಣದ ಹಿಂದೆ ಒಂದು ಗೇಮಿನ ಅಂಗಡಿಯಿತ್ತು. ಎರಡು ಹಳೆಯ ಪ್ಲೇಸ್ಟೇಷನ್, ಎರಡು ಡಬ್ಬಾ ಟಿವಿ, ಗಂಟೆಗೆ 10 ರೂಪಾಯಿ. ಮೂಲೆಯ ಇನ್ನೊಂದು ಮಷೀನಿನಲ್ಲಿ ‘ಮುಸ್ತಫಾ ಗೇಮ್’. ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’ ಎಂಬ ಅದರ ನಿಜವಾದ ಹೆಸರು ನನಗೆ ತಿಳಿದದ್ದು ಡಿಗ್ರಿಗೆ ಬಂದ ಮೇಲೆ. ಅದೂ ಕ್ಯಾಪ್‌ಕಾಮಿನದೇ, 1993ರದೇ. ಟಿವಿಗಳಲ್ಲಿ ಸದಾ ‘ಟೆಕ್ಕನ್ 3’. ನ್ಯಾಮ್ಕೊ ಕಂಪನಿ 1998ರಲ್ಲಿ ಪ್ಲೇಸ್ಟೇಷನ್ನಿಗೆ ತಂದ ಆಟ. ಭತ್ತದ ನಾಟಿ ಮುಗಿಸಿ ಬಂದ ಹುಡುಗರು, ರೈಸ್‌ಮಿಲ್ಲಿನ ಹುಡುಗರು, ನಾವು, ಎಲ್ಲರೂ ಅದರ ಮುಂದೆ. ‘ಎಡ್ಡಿಯನ್ನು ತಗೊಳ್ಳಂಗಿಲ್ಲ’ ಎಂಬುದು ಗೋಡೆಯ ಮೇಲೆ ಬರೆಯದ ಕಾನೂನು. ಬ್ರೆಜಿಲ್ಲಿನ ಆ ಕಾಲುವೀರನನ್ನು ಹಿಡಿದು ಗುಂಡಿಗಳನ್ನು ಸುಮ್ಮನೆ ಒತ್ತುತ್ತಿದ್ದರೂ ಗೆಲ್ಲಬಹುದಿತ್ತು. ಒಂದು ದಿನ ಮಾಲೀಕ ಬಳ್ಳಾರಿಯಿಂದ ಪ್ಲೇಸ್ಟೇಷನ್ 2 ತಂದು ‘ಟೆಕ್ಕನ್ 4’ ಹಾಕಿದ.

‘ಹೊಸಾದು ಬಂದೈತಿ, ಹಾಕ್ಲೇನ್ರಪಾ?’

‘ಬ್ಯಾಡಣ್ಣ. ಮೂರನೇದೇ ಹಾಕು.’

ವಾರವಿಡೀ ಅದೇ ಉತ್ತರ. ನಾಲ್ಕನೆಯದರಲ್ಲಿ ಗೋಡೆಗಳಿದ್ದವು, ನೆಲ ಏರುತಗ್ಗಾಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಜಿನ್ ಬದಲಾಗಿದ್ದ. ಕಥೆಯ ಪ್ರಕಾರ ಅವನು ಮನೆತನದ ಮಿಶಿಮಾ ಪಟ್ಟುಗಳನ್ನು ಬಿಟ್ಟು ಕರಾಟೆ ಕಲಿತು ಬಂದಿದ್ದಾನೆ. ನನಗೆ ಈಗ ಅದು ಧೈರ್ಯದ ನಿರ್ಧಾರ ಎನಿಸುತ್ತದೆ: ಪಾತ್ರದ ಮನಸ್ಸು ತಿರುಗಿದ್ದನ್ನು ಮಾತಿನಲ್ಲಿ ಹೇಳದೆ ಕೈಕಾಲಿನಲ್ಲಿ ಹೇಳುವುದು. ‘ಟೆಕ್ಕನ್ 4’ ರನ್ನನ ದಾರಿಯಲ್ಲಿ ಒಂದು ಹೆಜ್ಜೆಯಾದರೂ ಇಟ್ಟ ಆಟ. ಆದರೆ ಎರಡು ಬೇಸಿಗೆ ರಜೆ ಸುರಿದು ಜಿನ್‌ನ ಪಟ್ಟುಗಳನ್ನು ಬೆರಳಿಗೆ ಹತ್ತಿಸಿಕೊಂಡವನಿಗೆ ಅದು ಕಲೆಯ ಪ್ರಶ್ನೆಯಾಗಿರಲಿಲ್ಲ. ಅವನ ಗಳಿಕೆಯನ್ನು ಯಾರೋ ರದ್ದು ಮಾಡಿದ್ದರು. ಈ ಆಟಗಳು ಒಂದು ಸೆಕೆಂಡನ್ನು 60 ಚೂರು ಮಾಡಿ ನಡೆಸುತ್ತವೆ. ಎರಡು ಮೂರು ಚೂರು ಆಚೀಚೆಯಾದರೆ ಒದೆ ಕೊಡುವವನು ಒದೆ ತಿನ್ನುತ್ತಾನೆ. ಅಂಥ ಕಡೆ ‘ಸಣ್ಣಪುಟ್ಟ ತಿದ್ದುಪಡಿ’ ಎಂಬುದೇ ಇಲ್ಲ.

ಹಾಗೆಂದು ಮೊದಲ ವಾರದ ಲೆಕ್ಕವನ್ನೇ ತೀರ್ಪು ಎಂದುಕೊಳ್ಳುವವರ ಜೊತೆ ನಾನಿಲ್ಲ. ‘ಸ್ಟ್ರೀಟ್ ಫೈಟರ್ 5’ನ್ನೇ ನೋಡಿ. 2016ರ ಫೆಬ್ರವರಿಯಲ್ಲಿ ಬಂದಾಗ ಅದರಲ್ಲಿ ಒಂಟಿಯಾಗಿ ಆಡುವವನಿಗೆ ಆರ್ಕೇಡ್ ಮೋಡೇ ಇರಲಿಲ್ಲ. ದೊಡ್ಡ ಕಥಾಭಾಗ ತಿಂಗಳುಗಳ ಮೇಲೆ ಬಂತು. ಮಾರ್ಚ್ ಕೊನೆಗೆ 20 ಲಕ್ಷ ಮಾರುವ ಗುರಿಯಿಟ್ಟಿದ್ದ ಕಂಪನಿ 14 ಲಕ್ಷಕ್ಕೆ ತೃಪ್ತಿಪಡಬೇಕಾಯಿತು. ಬೇಯದ ಅನ್ನ ಬಡಿಸಿದ್ದರು, ಜನ ಎದ್ದುಹೋದರು. 2018ರ ಜನವರಿಯಲ್ಲಿ ‘ಆರ್ಕೇಡ್ ಎಡಿಷನ್’ ಬಂತು. ಈ ಸಲ ಹಳೆಯ ಪ್ರತಿ ಇದ್ದವರಿಗೆ ಅದು ಉಚಿತ. ಒಂದೇ ಏಟಿಗೆ ಎಲ್ಲರೂ ಹೊಸದಕ್ಕೆ ದಾಟಿದರು. ಭೀಮನಿಗೆ ದುರ್ಯೋಧನ ಸಿಕ್ಕ. ಆದರೆ ಅಂಗಡಿಯ ಲೆಕ್ಕದಲ್ಲಿ ಏನು ಕಾಣಬೇಕು? ಹಳಬರು ಯಾರೂ ಡಬ್ಬಿ ಕೊಳ್ಳುವುದಿಲ್ಲ. ಹೊಸಬರಿಗೆ ಎರಡು ವರ್ಷ ತಾಲೀಮು ಮಾಡಿದವರ ನಡುವೆ ಹೋಗಿ ಬೀಳುವ ಭಯ. ಡಬ್ಬಿಯ ಮಾರಾಟ ತಣ್ಣಗಿರದೆ ಇನ್ನೇನಾಗುತ್ತದೆ? ಆಟಗಾರರಿಗೆ ಮಾಡಿದ ನ್ಯಾಯ ಅಂಗಡಿಯ ಪಟ್ಟಿಯಲ್ಲಿ ಸೋಲಿನ ಹಾಗೆ ಕಾಣುತ್ತದೆ. 1994ರ ‘ಸೂಪರ್’ನ ಇಳಿಕೆಯನ್ನೂ 2018ರ ಈ ಡಬ್ಬಿಯ ಮೌನವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ವಿಮರ್ಶೆ ಆಟವನ್ನು ನೋಡುತ್ತಿಲ್ಲ, ಬಿಲ್ಲನ್ನು ನೋಡುತ್ತಿದೆ.

ಪರಿಷ್ಕರಣೆಯ ದೃಷ್ಟಿಯಿಂದ ನನಗೆ ಬಹಳ ಇಷ್ಟವಾದದ್ದು 2014ರ ‘ಅಲ್ಟ್ರಾ ಸ್ಟ್ರೀಟ್ ಫೈಟರ್ 4’. ನಾಲ್ಕನೆಯ ಆಟ 2009ರಲ್ಲಿ ಮನೆಯ ಯಂತ್ರಗಳಿಗೆ ಬಂದು, ‘ಸೂಪರ್’ ಆಗಿ, ‘ಆರ್ಕೇಡ್ ಎಡಿಷನ್’ ಆಗಿ, ಕೊನೆಗೆ ‘ಅಲ್ಟ್ರಾ’ ಆಯಿತು. ಅದರಲ್ಲಿ ‘ಎಡಿಷನ್ ಸೆಲೆಕ್ಟ್’ ಎಂಬ ಒಂದು ಅನುಕೂಲವಿದೆ. ಕಾದಾಳುವನ್ನು ಆರಿಸಿಕೊಂಡ ಮೇಲೆ ಯಾವ ಆವೃತ್ತಿಯ ಕಾದಾಳು ಬೇಕು ಎಂದೂ ಆರಿಸಬಹುದು. ನೀವು 2009ರ ಸಗಾಟ್ ಆಗಿ ನನ್ನ 2014ರ ರ‍್ಯೂ ಮೇಲೆ ಬರಬಹುದು. ಗ್ರಂಥಸಂಪಾದನೆ ಓದಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ: ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಹೂಳದೆ ರಂಗಕ್ಕೇ ಇಳಿಸಿದ್ದಾರೆ. ಬಯಲಾಟದ ಒಂದು ಪ್ರಸಂಗಕ್ಕೆ ಇಂಥ ಆವೃತ್ತಿ ಸಿದ್ಧಮಾಡುವ ಆಸೆ ನನಗಿದೆ. ಕುರುಗೋಡಿನ ಪ್ರತಿಯ ಭೀಮನೂ ಸಿರುಗುಪ್ಪದ ಪ್ರತಿಯ ದುರ್ಯೋಧನನೂ ಎದುರುಬದುರಾದರೆ ಯಾವ ಮಾತು ಯಾವ ಮಾತಿಗೆ ಉತ್ತರವಾಗುತ್ತದೋ! ಮಾರಾಟದ ಮಾತು ಬಿಡಿ, ಅಚ್ಚು ಹಾಕುವವರು ಯಾರು?

ಇನ್ನು ಬೆಲೆ. ಹೊಸ ಗೇಮೊಂದಕ್ಕೆ ಇವತ್ತು ಸಾವಿರಾರು ರೂಪಾಯಿ. ಸಿರುಗುಪ್ಪದ ಆ ಅಂಗಡಿಯಲ್ಲಿ ಒಂದೇ ಡಿಸ್ಕಿನಲ್ಲಿ, ಅದೂ ಅಸಲಿಯೋ ನಕಲಿಯೋ ಯಾರೂ ಕೇಳದ ಡಿಸ್ಕಿನಲ್ಲಿ, ನೂರಾರು ಜನ ಆಡಿದೆವು. ಆ ನೂರು ಜನ ಯಾವ ಕಂಪನಿಯ ಲೆಕ್ಕದಲ್ಲೂ ಇಲ್ಲ. ಈಗ ಪ್ರತಿ ಎದುರಾಳಿಯೂ ತನ್ನ ಪ್ರತಿ, ತನ್ನ ಯಂತ್ರ, ತನ್ನ ಇಂಟರ್ನೆಟ್ ಹೊಂದಿರಬೇಕು. ಬಳ್ಳಾರಿ ನಗರದಲ್ಲಾದರೆ ಅಂಥವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಕುರುಗೋಡಿನಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ‘ಸ್ಟ್ರೀಟ್ ಫೈಟರ್’ನ ಆವೃತ್ತಿಗಳ ಈ ಕಥೆಯನ್ನೆಲ್ಲ ಹೇಳಿದಾಗ ಅವನು ಮೊಬೈಲಿನಲ್ಲಿ ಎಮ್ಯುಲೇಟರ್ ತೆಗೆದು ತೋರಿಸಿದ. ಅವನು ಹುಟ್ಟುವ ಮೊದಲೇ ಬಂದಿದ್ದ ‘ಟೆಕ್ಕನ್ 3’. ಎಡ್ಡಿಯನ್ನು ತೆಗೆದುಕೊಂಡಿದ್ದ. ಅವರಲ್ಲಿ ಆ ಕಾನೂನು ಇಲ್ಲವಂತೆ.